ಪಾನ್ ಸುಪಾರಿ ಬಜಾರಿನ ಎಲೆ: ವೀಳ್ಯದೆಲೆಯ ಸಾರತೈಲಕ್ಕೆ ಮದ್ದಿನ ಗುಣ ಎಷ್ಟು?

ಹಂಪಿಯ ಹಜಾರರಾಮ ಗುಡಿಯ ಎದುರಿನಿಂದ ಹೊರಡುವ ಹಳೆಯ ಬೀದಿಗೆ ಪಾನ್ ಸುಪಾರಿ ಬಜಾರ್ ಎಂಬ ಹೆಸರಿದೆ. ಪ್ರವಾಸಿಗರಿಗಾಗಿ ಈಚೆಗೆ ಯಾರೋ ಇಟ್ಟ ಹೆಸರಿರಬೇಕು ಎನಿಸಬಹುದು. ಆದರೆ ಎರಡನೆಯ ದೇವರಾಯ 1426ರಲ್ಲಿ ಆ ಬೀದಿಯಲ್ಲಿ ಪಾರ್ಶ್ವನಾಥ ಚೈತ್ಯಾಲಯ ಕಟ್ಟಿಸಿದಾಗ ಹಾಕಿಸಿದ ಸಂಸ್ಕೃತ ಶಾಸನದಲ್ಲೇ ಬೀದಿಯ ಹೆಸರು ಕ್ರಮುಕಪರ್ಣಾಪಣವೀಥಿ ಎಂದಿದೆ. ಕ್ರಮುಕ ಎಂದರೆ ಅಡಿಕೆ, ಪರ್ಣ ಎಂದರೆ ಎಲೆ, ಆಪಣ ಎಂದರೆ ಅಂಗಡಿ. ಶಾಸನ ಬರೆದವನು ಅಡಿಕೆಯನ್ನೂ ಎಲೆಯನ್ನೂ ಒಂದೇ ಸಮಾಸದಲ್ಲಿ ಹೊಸೆದಿದ್ದಾನೆ. ಆರು ಶತಮಾನ ಕಳೆದ ಮೇಲೂ ನಾವು ಎಲೆಅಡಿಕೆ ಎಂದು ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಈ ಲೇಖನ ಆ ಸಮಾಸವನ್ನು ಬಿಡಿಸಿ ನೋಡುವ ಪ್ರಯತ್ನ. ವೀಳ್ಯದೆಲೆಗೆ ಮದ್ದಿನ ಗುಣವಿದೆಯೇ ಎಂಬ ಪ್ರಶ್ನೆ ಬಂದಾಗಲೆಲ್ಲ ಮೂರು ವಸ್ತುಗಳನ್ನು ಒಂದೆಂದು ತಿಳಿದು ಮಾತಾಡುವುದು ರೂಢಿಯಾಗಿದೆ: ಬಳ್ಳಿಯಿಂದ ಕೊಯ್ದ ಹಸಿ ಎಲೆ, ಆ ಎಲೆಯಿಂದ ಭಟ್ಟಿ ಇಳಿಸಿದ ಸಾರತೈಲ, ಮತ್ತು ಎಲೆಗೆ ಅಡಿಕೆ, ಸುಣ್ಣ, ಎಷ್ಟೋ ಸಲ ತಂಬಾಕು ಸೇರಿದ ತಾಂಬೂಲ. ಹೀಗಾಗಿ ಎಲೆಯ ಪುಣ್ಯ ತಾಂಬೂಲದ ಲೆಕ್ಕಕ್ಕೆ ಜಮೆಯಾಗುತ್ತದೆ, ಅಡಿಕೆಯ ಪಾಪ ಎಲೆಯ ತಲೆಗೆ ಕಟ್ಟುತ್ತದೆ, ಎರಡರ ಹೆಸರನ್ನೂ ಹೇಳಿಕೊಂಡು ಸೀಸೆಯೊಳಗಿನ ತೈಲ ಮಾರಾಟವಾಗುತ್ತದೆ. ಮೂರನ್ನೂ ಬೇರೆಬೇರೆ ಇಟ್ಟು ಸಾಕ್ಷ್ಯ ತೂಗಿದರೆ ನನಗೆ ಕಾಣುವುದು ಇಷ್ಟು: ಎಲೆಗೆ ನಿಜವಾದ ಗುಣವಿದೆ, ಆ ಗುಣ ಬಾಯಿ, ಗಂಟಲು, ಚರ್ಮದ ಮೇಲ್ಮೈಯ ಸಣ್ಣ ಕೆಲಸಗಳಿಗೆ ಸೀಮಿತವಾದದ್ದು, ಮತ್ತು ಅದು ಪೂರ್ತಿಯಾಗಿ ಸೀಸೆಗೆ ಇಳಿಯುವುದಿಲ್ಲ.

ಸಾರತೈಲ ಎಂದರೇನು ಎಂಬುದನ್ನು ಮೊದಲು ಸ್ಪಷ್ಟ ಮಾಡಿಕೊಳ್ಳಬೇಕು, ಏಕೆಂದರೆ ಕನ್ನಡದಲ್ಲಿ ಎಣ್ಣೆ ಎಂಬ ಒಂದೇ ಮಾತು ಎರಡು ತೀರ ಬೇರೆ ವಸ್ತುಗಳಿಗೆ ಬಳಕೆಯಾಗುತ್ತದೆ. ಎಳ್ಳು, ಶೇಂಗಾ, ಔಡಲವನ್ನು ಗಾಣಕ್ಕೆ ಹಾಕಿ ಹಿಂಡಿದ ಎಣ್ಣೆ ಜಿಡ್ಡು. ಬಟ್ಟೆಯ ಮೇಲೆ ಬಿದ್ದರೆ ಕಲೆ ನಿಲ್ಲುತ್ತದೆ, ಬಿಸಿಲಿಗೆ ಇಟ್ಟರೂ ಆರುವುದಿಲ್ಲ. ಸಾರತೈಲ ಹಾರಿಹೋಗುವಂಥದ್ದು. ಎಲೆ, ಹೂವು, ತೊಗಟೆಗಳ ಒಳಗಿನ ಪುಟ್ಟ ಕೋಶಗಳಲ್ಲಿ ಅಡಗಿರುವ ಅದು ಹಬೆಯ ಜೊತೆ ಮೇಲೆದ್ದು, ತಂಪಾದಾಗ ನೀರಿನಿಂದ ಬೇರೆಯಾಗಿ ನಿಲ್ಲುತ್ತದೆ. ಗಿಡದ ವಾಸನೆಯೂ ಖಾರವೂ ಬಹುಮಟ್ಟಿಗೆ ಅಲ್ಲಿಯೇ ಇರುತ್ತವೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಕೃಷ್ಣದೇವರಾಯ ದಿನವೂ ಬೆಳಕು ಹರಿಯುವ ಮುಂಚೆ ಎಳ್ಳೆಣ್ಣೆ ಕುಡಿದು, ಅದನ್ನೇ ಮೈತುಂಬ ಹಚ್ಚಿಸಿಕೊಂಡು, ಕತ್ತಿವರಸೆ ಮತ್ತು ಕುಸ್ತಿಯಲ್ಲಿ ಬೆವರು ಹರಿಸುತ್ತಿದ್ದನೆಂದು ಬರೆದಿದ್ದಾನೆ. ರಾಯ ಕುಡಿದದ್ದು ಬಟ್ಟಲು ಲೆಕ್ಕದ ಎಣ್ಣೆ. ಸಾರತೈಲವನ್ನು ಹಾಗೆ ಯಾರಾದರೂ ಕುಡಿದರೆ ಬಾಯಿ ಗಂಟಲು ಸುಟ್ಟು, ಯಕೃತ್ತಿಗೆ ಪೆಟ್ಟು ಬಿದ್ದು ಆಸ್ಪತ್ರೆ ಸೇರಬೇಕಾದೀತು. ಎಣ್ಣೆ ಎಂಬ ಹೆಸರು ನೋಡಿ ಎಳ್ಳೆಣ್ಣೆಯಷ್ಟೇ ಸಲೀಸಾಗಿ ಅದನ್ನು ನೆತ್ತಿಗೆ ತಟ್ಟುವ, ನಾಲಿಗೆಗೆ ಬಿಡುವ ಅಭ್ಯಾಸ ಈಗೀಗ ಬೆಳೆಯುತ್ತಿರುವುದರಿಂದ ಈ ವ್ಯತ್ಯಾಸವನ್ನು ಇಷ್ಟು ಒತ್ತಿ ಹೇಳಬೇಕಾಯಿತು.

ಇನ್ನು ಪರಂಪರೆಯ ಸಾಕ್ಷ್ಯ. ಪಾರ್ಶ್ವನಾಥ ಚೈತ್ಯಾಲಯ ಕಟ್ಟಿದ ಹದಿನೇಳು ವರ್ಷಕ್ಕೆ, 1443ರಲ್ಲಿ, ತೈಮೂರ್ ವಂಶದ ಶಾರುಖ್ ದೊರೆಯ ರಾಯಭಾರಿಯಾಗಿ ಬಂದ ಅಬ್ದುರ್ ರಜಾಕ್ ಅದೇ ದೇವರಾಯನ ಆಸ್ಥಾನದಲ್ಲಿ ತನಗೆ ಸಿಕ್ಕ ಮರ್ಯಾದೆಯನ್ನು ದಾಖಲಿಸಿದ್ದಾನೆ: ಎರಡು ಕಟ್ಟು ವೀಳ್ಯದೆಲೆ, 500 ಪಣಗಳ ಚೀಲ, ಜೊತೆಗೆ ಕರ್ಪೂರ. ಎಲೆ ನೋಡಲು ಕಿತ್ತಳೆ ಎಲೆಯಂತೆ, ಆದರೆ ಉದ್ದ ಎನ್ನುತ್ತಾನೆ. ಅದನ್ನು ಹೇಗೆ ಮಡಿಸಿ ಬಾಯಿಗಿಡುತ್ತಾರೆ ಎಂದು ವಿವರಿಸುತ್ತಾನೆ. ಮುಖಕ್ಕೆ ಕಳೆ ಬರುತ್ತದೆ, ಬಾಯಿಯ ದುರ್ವಾಸನೆ ಹೋಗುತ್ತದೆ, ಹಲ್ಲು ಗಟ್ಟಿಯಾಗುತ್ತದೆ, ಹಸಿದವರಿಗೆ ಹಸಿವು ಅಡಗುತ್ತದೆ, ಉಂಡವರಿಗೆ ಮತ್ತೆ ಹಸಿವೆಯಾಗುತ್ತದೆ ಎನ್ನುತ್ತಾನೆ. ರಾಯನ ಅಂತಃಪುರ ಅಷ್ಟು ದೊಡ್ಡದಾಗಿರುವುದಕ್ಕೆ ಈ ಎಲೆಯ ಶಕ್ತಿಯೇ ಕಾರಣವಿದ್ದೀತು ಎಂದೂ ಸೇರಿಸುತ್ತಾನೆ. ಈ ಪಟ್ಟಿಯಲ್ಲಿ ಬಾಯಿಯ ವಾಸನೆಯ ಮಾತು ಇಂದಿನ ಪ್ರಯೋಗಾಲಯದಲ್ಲೂ ನಿಲ್ಲುತ್ತದೆ. ಉಳಿದವುಗಳಲ್ಲಿ ಕೆಲವು ಅಡಿಕೆಯ ಅಮಲಿನಿಂದ ಬಂದವು, ಕೆಲವು ಅರಮನೆಯ ಹರಟೆ. 1563ರಲ್ಲಿ ಗೋವೆಯಲ್ಲಿ ಅಚ್ಚಾದ ಗಾರ್ಸಿಯಾ ದ ಓರ್ತಾನ ಔಷಧ ಸಂವಾದಗಳಲ್ಲೂ ವೀಳ್ಯದೆಲೆ ಬರುತ್ತದೆ, ಅಲ್ಲಿಯೂ ಬಾಯಿಯ ಸುವಾಸನೆಗೇ ಮೊದಲ ಮಣೆ.

ನಮ್ಮ ನೆಲದ ಗ್ರಂಥಗಳು ಇದಕ್ಕಿಂತ ಹಳೆಯವು, ಇದಕ್ಕಿಂತ ಎಚ್ಚರದವು ಕೂಡ. ಚಾಳುಕ್ಯರ ಕಾಲದಲ್ಲಿ, 1025ರ ಸುಮಾರಿಗೆ ಇಮ್ಮಡಿ ಚಾವುಂಡರಾಯ ಕನ್ನಡದಲ್ಲಿ ರಚಿಸಿದ ಲೋಕೋಪಕಾರ ಮಳೆ, ಬಾವಿ, ಗಿಡಮರ, ಅಡುಗೆಗಳ ಜೊತೆಗೆ ಸುಗಂಧದ್ರವ್ಯಗಳನ್ನೂ ಗೃಹಸ್ಥನು ತಿಳಿದಿರಬೇಕಾದ ವಿದ್ಯೆಯೆಂದು ಎಣಿಸುತ್ತದೆ. ಅದಾದ ಒಂದು ಶತಮಾನಕ್ಕೆ ಮೂರನೆಯ ಸೋಮೇಶ್ವರ ಮಾನಸೋಲ್ಲಾಸದಲ್ಲಿ ಸ್ನಾನ, ಲೇಪನಗಳಂತೆ ತಾಂಬೂಲವನ್ನೂ ಒಂದು ಭೋಗವೆಂದು ಬೇರೆಯಾಗಿ ನಿರೂಪಿಸುತ್ತಾನೆ. ವರಾಹಮಿಹಿರ ಬೃಹತ್ಸಂಹಿತೆಯ ಗಂಧಯುಕ್ತಿಯಲ್ಲಿ ಪ್ರಮಾಣದ ಮಾತು ತೆಗೆಯುತ್ತಾನೆ: ಸುಣ್ಣ ಹೆಚ್ಚಾದರೆ ಬಾಯಿ ನಾರುತ್ತದೆ, ಎಲೆ ಹೆಚ್ಚಾದರೆ ಪರಿಮಳ ಬರುತ್ತದೆ, ರಾತ್ರಿ ಎಲೆಯೂ ಹಗಲು ಅಡಿಕೆಯೂ ಮೇಲುಗೈಯಾಗಿರಲಿ ಎಂದು. ಸುಶ್ರುತ ಸಂಹಿತೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ರಕ್ತಪಿತ್ತದವರು, ಗಾಯಗೊಂಡು ಸೊರಗಿದವರು, ಬಾಯಾರಿಕೆಯಿಂದ ಬಳಲುವವರು, ಮೂರ್ಛೆಹೋಗುವವರು, ಬಾಯಿ ಒಣಗುವವರು ತಾಂಬೂಲ ಮುಟ್ಟಬಾರದೆಂದು ತಡೆಯುತ್ತದೆ. ಪರಂಪರೆಯನ್ನು ಸಾಕ್ಷಿಗೆ ಕರೆಯುವವರು ಸಾಮಾನ್ಯವಾಗಿ ಗುಣಗಳ ಪಟ್ಟಿಯನ್ನಷ್ಟೇ ಓದಿ ನಿಲ್ಲಿಸುತ್ತಾರೆ. ಯಾರಿಗೆ ಕೂಡದು ಎಂಬ ಪಟ್ಟಿ ಅದೇ ಗ್ರಂಥದಲ್ಲಿದೆ. ಇನ್ನೊಂದು ಮಾತನ್ನೂ ಇಲ್ಲಿ ಗಮನಿಸಬೇಕು. ಈ ಗ್ರಂಥಗಳಲ್ಲಿ ಬರುವುದೆಲ್ಲ ಎಲೆ. ಭಟ್ಟಿ ಇಳಿಸಿದ ವೀಳ್ಯದೆಲೆ ತೈಲ ಇವುಗಳ ಮಾತಲ್ಲ. ಆದ್ದರಿಂದ ಸೀಸೆಯ ಮೇಲೆ ಸಾವಿರಾರು ವರ್ಷಗಳ ಪರಂಪರೆ ಎಂದು ಅಚ್ಚು ಹಾಕುವುದು ಎಲೆಯ ಚರಿತ್ರೆಯನ್ನು ಕಡ ತಂದು ಎಣ್ಣೆಗೆ ತೊಡಿಸಿದಂತೆ.

ಗ್ರಂಥಕ್ಕಿಂತ ಮನೆಮದ್ದು ಹೆಚ್ಚು ಮಾತಾಡುತ್ತದೆ. ಹೊಸಪೇಟೆ, ಕಂಪ್ಲಿ, ಸಂಡೂರು ಸೀಮೆಯಲ್ಲಿ, ಹಾಗೆ ನೋಡಿದರೆ ಕನ್ನಡ ನಾಡಿನ ಉದ್ದಗಲಕ್ಕೂ, ಕೆಮ್ಮಿ ಕೆಮ್ಮಿ ನಿದ್ದೆಗೆಟ್ಟ ಕೂಸಿಗೆ ಎಲೆ ಶಾಖ ಕೊಡುವ ಕ್ರಮವನ್ನೇ ತೆಗೆದುಕೊಳ್ಳೋಣ. ಬಲಿತ ಎಲೆಯೊಂದನ್ನು ಒರೆಸಿ, ಅದಕ್ಕೆ ಔಡಲ ಎಣ್ಣೆ ತೆಳ್ಳಗೆ ಸವರಿ, ದೀಪದ ಕುಡಿಯ ಮೇಲೆ ಆಡಿಸುತ್ತಾರೆ. ಎಲೆ ಬಾಡಿ ಮೆತ್ತಗಾಗಿ, ಹೊಳಪು ಮಾಸಿ, ಘಾಟು ಮೂಗಿಗೆ ಬಂದ ಕೂಡಲೇ ದೀಪದಿಂದ ಸರಿಸಿ, ಅಜ್ಜಿ ತನ್ನ ಮುಂಗೈಗೆ ಒತ್ತಿ ಬಿಸಿ ನೋಡಿಕೊಂಡು ಆಮೇಲೆ ಕೂಸಿನ ಎದೆಗೆ ಇಡುತ್ತಾಳೆ. ಈ ಸಣ್ಣ ಕೆಲಸದೊಳಗೆ ಎಷ್ಟು ತಿಳಿವಳಿಕೆ ಇದೆ ನೋಡಿ. ಬಿಸಿ ತಾಗಿದಾಗ ಎಲೆಯ ಕೋಶ ಬಿರಿದು ಸಾರತೈಲ ಹೊರಬರುತ್ತದೆ. ಔಡಲದ ಜಿಡ್ಡು ಅದನ್ನು ಹೀರಿ ತೆಳುವಾಗಿಸುತ್ತದೆ. ಆವಿಯ ಒಂದಂಶ ಮೂಗಿಗೆ, ಒಂದಂಶ ಚರ್ಮಕ್ಕೆ. ಒಂದು ಎಲೆಯಲ್ಲಿ ಇರುವುದಕ್ಕಿಂತ ಹೆಚ್ಚಿನ ತೈಲ ಕೂಸಿನ ಮೈಗೆ ತಾಗುವ ಸಂಭವವೇ ಇಲ್ಲ. ಎಲೆಯೇ ಅಳತೆಯ ಬಟ್ಟಲು. ಶಾಖದಿಂದ ಕೆಮ್ಮಿನ ರೋಗ ವಾಸಿಯಾಗುತ್ತದೆಂದು ನಾನು ಹೇಳಲಾರೆ; ಬೆಚ್ಚಗಾಗಿ, ಮೂಗು ಬಿಟ್ಟು, ತಾಯಿಯ ಕೈ ಎದೆಯ ಮೇಲಿದ್ದು ಕೂಸು ನಿದ್ದೆಹೋಗುತ್ತದೆ, ಬಹುಪಾಲು ನೆಗಡಿಗೆ ಬೇಕಾದದ್ದೂ ಅಷ್ಟೇ. ಉಸಿರಾಡುವಾಗ ಪಕ್ಕೆ ಒಳಗೆ ಸೆಳೆಯುತ್ತಿದ್ದರೆ, ಉಸಿರು ಓಡುತ್ತಿದ್ದರೆ ಅದು ನ್ಯುಮೋನಿಯಾ ಇರಬಹುದು. ಆಗ ಎಲೆ ಬಿಸಿ ಮಾಡುತ್ತ ಕೂರುವ ಹೊತ್ತಲ್ಲ, ಆಸ್ಪತ್ರೆಗೆ ಓಡುವ ಹೊತ್ತು.

ಉಳಿದ ಬಳಕೆಗಳು ಇದೇ ಜಾಡಿನವು. ಗಂಟಲು ಕಟ್ಟಿದಾಗ ಎರಡು ಮೆಣಸಿನ ಕಾಳು, ಒಂದು ಹರಳು ಉಪ್ಪನ್ನು ಎಲೆಯಲ್ಲಿ ಸುತ್ತಿ ಜಗಿದು ರಸ ನುಂಗುವುದು. ಎಲೆ ರಸಕ್ಕೆ ತುಳಸಿ ರಸ, ಜೇನು ಬೆರೆಸಿ ನೆಕ್ಕಿಸುವುದು. ಹಾಲು ಬಿಡಿಸುವ ಬಾಣಂತಿಯ ಎದೆಗೆ ಬಾಡಿಸಿದ ಎಲೆ ಕಟ್ಟುವುದು. ಹುಣ್ಣಿಗೆ, ತಲೆನೋವಿಗೆ ಎಲೆ ಅಂಟಿಸುವುದು. ಒಂದು ವರ್ಷ ತುಂಬದ ಕೂಸಿಗೆ ಜೇನು ಕೂಡದೆಂಬುದು ಇಂದಿನ ವೈದ್ಯರ ಖಚಿತ ಮಾತು, ಅದನ್ನು ಈ ಪಟ್ಟಿಯ ಮೇಲೆಯೇ ಬರೆದಿಡಬೇಕು. ಇವುಗಳಲ್ಲಿ ಬಹುಪಾಲಿಗೆ ಅಡಿಕೆಯ ಸಂಬಂಧವೇ ಇಲ್ಲ. ಹಂಪಿಯ ಯಂತ್ರೋದ್ಧಾರಕ ಆಂಜನೇಯನಿಗಾಗಲಿ, ಹೊಳೆಯಾಚೆ ಅಂಜನಾದ್ರಿಯ ಆಂಜನೇಯನಿಗಾಗಲಿ ಭಕ್ತರು ಹಾಕುವುದು ಬರಿಯ ಎಲೆಯ ಹಾರ. ಮದ್ದಾಗಿ ಮತ್ತು ಪೂಜೆಯಾಗಿ ಎಲೆ ತನ್ನಷ್ಟಕ್ಕೆ ನಿಂತಿದೆ. ಚಟವಾಗಿ ಮಾತ್ರ ಅದು ಅಡಿಕೆಯ ಜೊತೆಗಾತಿ. ಈ ಭೇದವನ್ನು ಜನರ ನಡವಳಿಕೆ ಮೊದಲೇ ಮಾಡಿಟ್ಟಿದೆ, ಚರ್ಚೆ ಮಾಡುವವರು ಗಮನಿಸಿಲ್ಲ ಅಷ್ಟೇ.

ರಸಾಯನಶಾಸ್ತ್ರ ಈ ಎಲೆಯನ್ನು ಕೈಗೆತ್ತಿಕೊಂಡದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ಎರಡು ದಶಕಗಳಲ್ಲಿ. ಜಾವಾ ಮತ್ತು ಸಯಾಂ ದೇಶದ ಎಲೆಗಳ ತೈಲದಿಂದ ಚವಿಕಾಲ್, ಚವಿಬೆಟಾಲ್ ಎಂಬ ಫೀನಾಲ್ ಜಾತಿಯ ವಸ್ತುಗಳು ಸಿಕ್ಕವು. ಅವುಗಳ ಜೊತೆಗೆ ಲವಂಗದ ಜೀವಾಳವಾದ ಯೂಜಿನಾಲ್ ಕೂಡ ಈ ತೈಲದಲ್ಲಿದೆ. ಆಗಿನ ಆಸ್ಪತ್ರೆಗಳಲ್ಲಿ ಗಾಯ ತೊಳೆಯಲು ಬಳಸುತ್ತಿದ್ದ ಕಾರ್ಬಾಲಿಕ್ ಆಮ್ಲವೂ ಒಂದು ಫೀನಾಲ್; ಆದ್ದರಿಂದ ವೀಳ್ಯದೆಲೆ ತೈಲ ಕ್ರಿಮಿನಾಶಕವೆಂದು ಅಂದಿನ ಔಷಧಕೋಶಗಳು ಉತ್ಸಾಹದಿಂದ ಬರೆದದ್ದರಲ್ಲಿ ಆಶ್ಚರ್ಯವಿಲ್ಲ. ಲವಂಗದೆಣ್ಣೆಯ ಯೂಜಿನಾಲ್ ಇಂದಿಗೂ ಹಲ್ಲಿನ ವೈದ್ಯರ ಮೇಜಿನ ಮೇಲಿದೆ, ಸತುವಿನ ಆಕ್ಸೈಡಿನ ಜೊತೆ ಕಲಸಿ ಹಲ್ಲಿನ ತೂತು ತಾತ್ಕಾಲಿಕವಾಗಿ ಮುಚ್ಚುತ್ತಾರೆ. ಆದರೆ ವೀಳ್ಯದೆಲೆ ತೈಲ ಎಂಬುದು ಒಂದೇ ವಸ್ತುವಲ್ಲ. ಕರಿ ಎಲೆ ಖಾರ, ಬಿಳಿ ಎಲೆ ಮೆದು, ಅಂಬಾಡಿ ಬೇರೆ, ಸವಣೂರಿನ ಎಲೆ ಬೇರೆ ಎಂದು ಎಲೆ ಹಾಕುವವರು ನಾಲಿಗೆಯಲ್ಲೇ ತೂಗಿ ಹೇಳುವುದನ್ನು ಲಖನೌ, ಬಂಗಾಳದ ಕಡೆಯ ತಳಿಗಳ ಮೇಲಿನ ವಿಶ್ಲೇಷಣೆಗಳು ಸಮರ್ಥಿಸಿವೆ: ಬಾಂಗ್ಲಾ ತಳಿಯಲ್ಲಿ ಯೂಜಿನಾಲ್ ಮುಂದು, ಕಪೂರಿಯಲ್ಲಿ ಟರ್ಪಿನೈಲ್ ಅಸಿಟೇಟ್, ಮೀಠಾದಲ್ಲಿ ಸೋಂಪಿನ ವಾಸನೆಯ ಅನಿಥೋಲ್. ಒಂದು ತಳಿಯ ತೈಲದ ಮೇಲೆ ನಡೆದ ಪರೀಕ್ಷೆಯನ್ನು ಇನ್ನೊಂದು ತಳಿಯ ಸೀಸೆಗೆ ಅಂಟಿಸುವುದು ಎಷ್ಟು ತಪ್ಪೆಂಬುದು ಇದರಿಂದ ತಿಳಿಯುತ್ತದೆ.

ಪ್ರಯೋಗಾಲಯದ ಫಲಿತಾಂಶಗಳು ರಾಶಿ ರಾಶಿಯಾಗಿವೆ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಬ್ಯಾಕ್ಟೀರಿಯಾ, ಬೂಷ್ಟುಗಳನ್ನು ಎಲೆಯ ಸಾರ ತಡೆಯುತ್ತದೆ ಎಂದು ಏಷ್ಯಾದ ಹಲವು ದೇಶಗಳಿಂದ ವರದಿಗಳು ಬಂದಿವೆ. ಇವುಗಳ ಪೈಕಿ ಬಾಯಿಗೆ ಸಂಬಂಧಿಸಿದವು ಹೆಚ್ಚು ನಂಬಲರ್ಹ, ಏಕೆಂದರೆ ಅಲ್ಲಿ ವಸ್ತು ನೇರವಾಗಿ ಕ್ರಿಮಿಯನ್ನು ಮುಟ್ಟುತ್ತದೆ. ಹೊಟ್ಟೆ, ರಕ್ತ, ಯಕೃತ್ತುಗಳನ್ನು ದಾಟಿ ಹೋಗಬೇಕಾಗಿಲ್ಲ. ಬಾಯಿಯ ದುರ್ವಾಸನೆಗೆ ಕಾರಣವಾಗುವ ಗಂಧಕದ ಅನಿಲಗಳನ್ನು ಹುಟ್ಟಿಸುವ ಬ್ಯಾಕ್ಟೀರಿಯಾಗಳ ಮೇಲೆ ವೀಳ್ಯದೆಲೆ ಹೇಗೆ ಕೆಲಸ ಮಾಡುತ್ತದೆಂದು ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದ ಭಾರತೀಯ ಅಧ್ಯಯನವೊಂದು, ಆ ಗುಣದ ಮುಖ್ಯ ಕಾರಣ ಹೈಡ್ರಾಕ್ಸಿಚವಿಕಾಲ್ ಎಂದು ಗುರುತಿಸಿತು. ಮುಂಬಯಿಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1980ರ ದಶಕದಲ್ಲಿ ಇದೇ ವಸ್ತು ತಂಬಾಕಿನ ನೈಟ್ರೋಸಮೀನುಗಳು ಜೀವಕೋಶದ ಮೇಲೆ ಮಾಡುವ ಹಾನಿಯನ್ನು ಪರೀಕ್ಷೆಯಲ್ಲಿ ಕಡಿಮೆ ಮಾಡಿತೆಂದು ತೋರಿಸಿದ್ದರು. ಇಲ್ಲಿ ಒಂದು ಸೂಕ್ಷ್ಮವಿದೆ, ಈ ಲೇಖನದ ತಿರುಳೇ ಅದು. ಹೈಡ್ರಾಕ್ಸಿಚವಿಕಾಲ್ ಯೂಜಿನಾಲಿನಷ್ಟು ಸುಲಭವಾಗಿ ಹಬೆಯ ಜೊತೆ ಏಳುವುದಿಲ್ಲ. ಜಗಿದ ರಸದಲ್ಲಿ, ನೀರಿನಲ್ಲಿ ಕುದಿಸಿದ ಕಷಾಯದಲ್ಲಿ ಅದು ಚೆನ್ನಾಗಿ ಇಳಿಯುತ್ತದೆ. ಭಟ್ಟಿಯಲ್ಲಿ ಅದರ ದೊಡ್ಡ ಪಾಲು ಹಿಂದೆ ಉಳಿಯುತ್ತದೆ. ಹೀಗೆ ಎಲೆಯ ಪರವಾಗಿ ಇರುವ ಅತ್ಯುತ್ತಮ ಸಾಕ್ಷ್ಯ, ಎಲೆಯ ಸಾರವೆಂದು ಮಾರಾಟವಾಗುವ ಸೀಸೆಯ ಪರವಾಗಿ ಅಷ್ಟಾಗಿ ನಿಲ್ಲುವುದಿಲ್ಲ. ಮನುಷ್ಯರ ಮೇಲಿನ ಪರೀಕ್ಷೆಗಳಂತೂ ಕೆಲವೇ, ಬಹುತೇಕ ಬಾಯಿ ಮುಕ್ಕಳಿಸುವ ದ್ರಾವಣಗಳ ಮೇಲೆ, ಸಣ್ಣ ಗುಂಪುಗಳಲ್ಲಿ, ಕೆಲ ದಿನಗಳ ಮಟ್ಟಿಗೆ ನಡೆದವು. ಮಧುಮೇಹ, ಕ್ಯಾನ್ಸರ್, ಬಂಜೆತನಕ್ಕೆ ಈ ತೈಲ ಮದ್ದೆಂದು ಹೇಳಿ ಮಾರುವವರ ಬೆನ್ನಿಗೆ ಇಲಿಗಳ ಮೇಲಿನ ಪ್ರಯೋಗ ಬಿಟ್ಟರೆ ಆಧಾರವಿಲ್ಲ.

ಕ್ರಿಮಿ ಕೊಲ್ಲುವ ಶಕ್ತಿ ಇದ್ದ ಮೇಲೆ ಗಟ್ಟಿಯಾದದ್ದನ್ನೇ ಏಕೆ ಬಳಸಬಾರದು ಎಂದು ಕೇಳುವವರಿದ್ದಾರೆ. ಲೆಕ್ಕ ಹಾಕೋಣ. ಹಸಿ ಎಲೆಯಲ್ಲಿ ಹೆಚ್ಚುಪಾಲು ನೀರು. ನೂರು ಗ್ರಾಂ ಹಸಿ ಎಲೆಯಿಂದ ಇಳಿಯುವ ತೈಲ ಒಂದು ಗ್ರಾಮಿನ ಐದನೆಯ ಒಂದು ಪಾಲಿನ ಆಸುಪಾಸು. ಹತ್ತು ಮಿಲಿಲೀಟರಿನ ಒಂದು ಪುಟ್ಟ ಸೀಸೆ ತುಂಬಲು ನಾಲ್ಕೈದು ಕಿಲೋ ಎಲೆ, ಅಂದರೆ ಸಾವಿರಕ್ಕೂ ಹೆಚ್ಚು ಎಲೆ ಬೇಕು. ಹನಿಯ ಲೆಕ್ಕಕ್ಕೆ ಬಂದರೆ ಒಂದು ಹನಿ ಐದಾರು ಎಲೆಗಳಿಗೆ ಸಮ. ಐದಾರು ಎಲೆ ಜಗಿಯುವವನು ಖಾರ ಹತ್ತಿ ತಾನಾಗಿ ನಿಲ್ಲಿಸುತ್ತಾನೆ, ಅದೂ ಗಂಟೆಗಟ್ಟಲೆ ಹರಡಿಕೊಂಡು. ಹನಿ ಒಂದೇ ಕ್ಷಣಕ್ಕೆ ಒಂದೇ ಜಾಗಕ್ಕೆ ಬೀಳುತ್ತದೆ. ಕ್ರಿಮಿಯ ಕೋಶಕ್ಕೂ ನಮ್ಮ ಬಾಯಿಯ ಒಳಪದರದ ಕೋಶಕ್ಕೂ ಫೀನಾಲ್ ಭೇದ ಮಾಡುವುದಿಲ್ಲ, ಪ್ರಮಾಣ ಮಾಡುತ್ತದೆ. ತೈವಾನಿನಲ್ಲಿ ಹಬೆಯಲ್ಲಿ ಬೇಯಿಸಿದ ವೀಳ್ಯದೆಲೆಯನ್ನು ಮುಖದ ಕಾಂತಿಗೆಂದು ಹಚ್ಚಿಕೊಂಡ ಹೆಂಗಸರ ಮುಖ ಮೊದಲು ಬಿಳಿಚಿ, ಆಮೇಲೆ ಕಪ್ಪುಗಟ್ಟಿ, ನಡುನಡುವೆ ಬಣ್ಣ ಕಳೆದುಕೊಂಡ ಚುಕ್ಕೆಗಳು ಉಳಿದ ಸಂಗತಿಯನ್ನು ಅಲ್ಲಿನ ಚರ್ಮವೈದ್ಯರು 1999ರಲ್ಲಿ ವರದಿ ಮಾಡಿದ್ದಾರೆ. ಎಲೆಯನ್ನೇ ಪದೇ ಪದೇ ಹಚ್ಚಿದ್ದಕ್ಕೆ ಹೀಗಾಯಿತೆಂದ ಮೇಲೆ, ಸಾವಿರ ಎಲೆಯ ಸಾರವನ್ನು ಹಾಗೇ ಮುಖಕ್ಕೆ ತಟ್ಟುವುದರ ಪರಿಣಾಮವನ್ನು ಪ್ರಯೋಗ ಮಾಡಿ ತಿಳಿಯಬೇಕಾಗಿಲ್ಲ. ಕೂಸಿನ ಎದೆಗೆ ಇಡುವ ಎಲೆಗೆ ಕೆಲವರು ಕರ್ಪೂರ ಸೇರಿಸುವುದೂ ಉಂಟು. ರಜಾಕನಿಗೆ ರಾಯ ಕೊಟ್ಟಂಥ, ತಿನ್ನಲು ಯೋಗ್ಯವಾದ ಪಚ್ಚಕರ್ಪೂರ ಬೇರೆ. ಇಂದು ಅಂಗಡಿಯಲ್ಲಿ ಸಿಗುವ ಆರತಿ ಕರ್ಪೂರ ಬೇರೆ. ಎಳೆಯ ಮಕ್ಕಳಿಗೆ ಕರ್ಪೂರದಿಂದ ಫಿಟ್ಸ್ ಬರುವ ಅಪಾಯವಿದೆ, ಅದನ್ನು ಮಗುವಿನ ಹತ್ತಿರ ತರದಿರುವುದೇ ಸರಿ.

ನಮ್ಮ ಅಜ್ಜ ಅಜ್ಜಿಯರು ಜೀವಮಾನವಿಡೀ ಎಲೆ ಅಡಿಕೆ ಹಾಕಿಕೊಂಡು ತೊಂಬತ್ತು ವರ್ಷ ಬದುಕಿದರು, ಅವರಿಗೇನಾಯಿತು ಎಂಬುದು ಈ ವಿಷಯದಲ್ಲಿ ಎದುರಾಗುವ ಅತಿ ಬಲವಾದ ಆಕ್ಷೇಪ. ಬಲವಾದದ್ದು, ಏಕೆಂದರೆ ಅದರ ಹಿಂದೆ ಪ್ರೀತಿ ಇದೆ. ಸೊಂಟದ ಸಂಚಿಯಿಂದ ಎಲೆ ತೆಗೆದು, ತೊಟ್ಟು ಚಿವುಟಿ, ನಾರು ಬಿಡಿಸಿ, ಸುಣ್ಣ ಸವರುವ ಅಜ್ಜಿಯ ಕೈ ಕಣ್ಣಿಗೆ ಕಟ್ಟಿರುತ್ತದೆ. ಆದರೂ ತೊಂಬತ್ತು ಬದುಕಿದವರು ಕಣ್ಣೆದುರು ಇರುತ್ತಾರೆ, ಐವತ್ತಕ್ಕೆ ಬಾಯಿ ಹುಣ್ಣಾಗಿ ಹೋದವರು ಮಾತಿನಲ್ಲಿ ಉಳಿಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ 1985ರಲ್ಲಿ ತಂಬಾಕು ಬೆರೆತ ತಾಂಬೂಲವನ್ನು ಮಾತ್ರ ಕ್ಯಾನ್ಸರ್‌ಕಾರಕವೆಂದು ಘೋಷಿಸಿ, ತಂಬಾಕಿಲ್ಲದ ತಾಂಬೂಲದ ಬಗ್ಗೆ ಸಾಕ್ಷ್ಯ ಸಾಲದೆಂದಿತ್ತು. ಮುಂದಿನ ವರ್ಷಗಳಲ್ಲಿ ಸಾಕ್ಷ್ಯ ಕೂಡಿಬಂದು, 2004ರಲ್ಲಿ ಪ್ರಕಟವಾದ ಅದರ 85ನೆಯ ಸಂಪುಟದಲ್ಲಿ ತಂಬಾಕಿಲ್ಲದ ತಾಂಬೂಲವೂ, ಬರಿಯ ಅಡಿಕೆಯೂ ಮೊದಲನೆಯ ಗುಂಪಿಗೆ, ಎಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಗುಂಪಿಗೆ ಸೇರಿದವು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ಸಂಶೋಧಕರು 1990ರಲ್ಲಿ ಪ್ರಕಟಿಸಿದ ಬಾಯಿ ಕ್ಯಾನ್ಸರಿನ ಅಧ್ಯಯನದಲ್ಲೂ ತಂಬಾಕು ಸೇರಿಸಿ ಜಗಿಯುವವರಿಗೆ ಅಪಾಯ ಬಹಳ ಹೆಚ್ಚೆಂದು ಕಂಡಿತ್ತು. ಅಡಿಕೆಯ ಅರಿಕೋಲಿನ್, ಸುಣ್ಣದ ಕ್ಷಾರ ಎರಡೂ ಸೇರಿ ಕೆನ್ನೆಯ ಒಳಪದರವನ್ನು ನಾರಾಗಿಸುತ್ತವೆ. ಬಾಯಿ ಎರಡು ಬೆರಳು ಹೋಗುವಷ್ಟೂ ತೆರೆಯದ ಸ್ಥಿತಿ ಬರುತ್ತದೆ. ಮುಂಬಯಿಯ ಫಲಿತಾಂಶ ಹಿಡಿದುಕೊಂಡು ಎಲೆಯೇ ರಕ್ಷಣೆ ಕೊಡುತ್ತದಲ್ಲ ಎನ್ನುವುದಕ್ಕೂ ಇಲ್ಲಿಯೇ ಉತ್ತರವಿದೆ: ರಕ್ಷಣೆ ಸಾಕಾಗುವಷ್ಟಿದ್ದರೆ ಎಲೆಯಲ್ಲಿ ಸುತ್ತಿ ಜಗಿದವರಿಗೆ ಕ್ಯಾನ್ಸರ್ ಬರಬಾರದಿತ್ತು.

ಇನ್ನೂ ದುಃಖದ ಸಂಗತಿ, ಈಗ ಆ ಎಲೆಯೂ ಬಿಟ್ಟುಹೋಗಿದೆ. ಸಂಡೂರಿನ ಗಣಿ ರಸ್ತೆಗಳ ಬದಿಯಲ್ಲಿ, ಹೊಸಪೇಟೆಯ ಬಸ್ ನಿಲ್ದಾಣದ ಸುತ್ತ, ಲಾರಿ ನಿಲ್ಲುವ ಯಾವುದೇ ಜಾಗದ ಗೂಡಂಗಡಿಯಲ್ಲಿ ಮಾಲೆಯಾಗಿ ತೂಗುವ ಪಾಕೀಟುಗಳಲ್ಲಿ ಅಡಿಕೆ ಚೂರು, ಸುಣ್ಣ, ಕಾಚು, ಕೃತಕ ಪರಿಮಳ ಇವೆ, ಎಲೆ ಇಲ್ಲ. ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿದ ಮೇಲೆ ಪಾನ್ ಮಸಾಲೆ ಒಂದು ಪಾಕೀಟು, ತಂಬಾಕು ಇನ್ನೊಂದು ಪಾಕೀಟು ಎಂದು ಬೇರೆ ಮಾಡಿ ಮಾರುವ ದಾರಿ ಹುಟ್ಟಿಕೊಂಡಿತು, ಕೊಂಡವರು ಅಂಗೈಯಲ್ಲಿ ಎರಡನ್ನೂ ಬೆರೆಸಿಕೊಳ್ಳುತ್ತಾರೆ. ಪಾನ್ ಸುಪಾರಿ ಬಜಾರಿನ ಜೋಡಿಯಲ್ಲಿ ಗುಣವಿದ್ದದ್ದು ಪಾನ್. ಕಾಲ ಅದನ್ನು ತೆಗೆದುಹಾಕಿ ಸುಪಾರಿಯನ್ನು ಉಳಿಸಿಕೊಂಡಿತು. ಈ ಪಾಕೀಟುಗಳಿಗೂ ತಾಂಬೂಲ ನಮ್ಮ ಸಂಸ್ಕೃತಿ ಎಂಬ ಮಾತಿನ ಆಸರೆ ಸಿಗುತ್ತಿರುವುದು ನನಗೆ ಸಹಿಸಲಾಗದ ಅನ್ಯಾಯವಾಗಿ ಕಾಣುತ್ತದೆ.

ಎದುರು ದಿಕ್ಕಿನಿಂದಲೂ ಆಕ್ಷೇಪ ಬರುತ್ತದೆ: ಎಲೆಯೇನೂ ನಿರಪರಾಧಿಯಲ್ಲ, ಅದರಲ್ಲೂ ಸಫ್ರೋಲ್ ಇದೆ, ಅಮೆರಿಕ 1960ರಲ್ಲೇ ಸಫ್ರೋಲನ್ನು ಆಹಾರಕ್ಕೆ ಸೇರಿಸುವುದನ್ನು ನಿಷೇಧಿಸಿತ್ತು ಎಂದು. ಇದರಲ್ಲಿ ಸತ್ಯಾಂಶವಿದೆ. ಆದರೆ ಸಫ್ರೋಲ್ ಧಾರಾಳವಾಗಿರುವುದು ತೈವಾನ್, ಪಾಪುವಾ ನ್ಯೂಗಿನಿಯ ಕಡೆ ಅಡಿಕೆಯ ಜೊತೆ ಜಗಿಯುವ ಬಳ್ಳಿಯ ಹೂಗೊಂಚಲಲ್ಲಿ. ಎಲೆಯಲ್ಲಿ ಅದು ತಳಿಯಿಂದ ತಳಿಗೆ ಏರಿಳಿಯುತ್ತದೆ, ನಮ್ಮಲ್ಲಿ ಹೂಗೊಂಚಲು ಜಗಿಯುವ ರೂಢಿಯೂ ಇಲ್ಲ. ಹೈಡ್ರಾಕ್ಸಿಚವಿಕಾಲ್ ಕೂಡ ಹೆಚ್ಚಿನ ಸಾಂದ್ರತೆಯಲ್ಲಿ ಜೀವಕೋಶಕ್ಕೆ ಹಾನಿ ಮಾಡುತ್ತದೆಂದು ತೈವಾನಿನ ಪ್ರಯೋಗಗಳು ತೋರಿಸಿವೆ. ಇವೆರಡೂ ಎಲೆಗಿಂತ ತೈಲದ ವಿರುದ್ಧವೇ ಹೆಚ್ಚು ಬಲವಾದ ಮಾತುಗಳು, ಗಟ್ಟಿಯಾಗುವುದು ಅಲ್ಲಿಯೇ ತಾನೆ. ಸರಿಯಾದ ಪರೀಕ್ಷೆ ಆಗುವ ತನಕ ಎಲ್ಲವನ್ನೂ ಬದಿಗಿಡಬೇಕೆಂಬ ಕಟ್ಟುನಿಟ್ಟಿನವರ ಮಾತನ್ನು ನಾನು ಅರ್ಧ ಒಪ್ಪುತ್ತೇನೆ. ರೋಗ ವಾಸಿಮಾಡುತ್ತದೆಂದು ದುಡ್ಡು ಕೇಳುವ ಸೀಸೆಗೆ ಆ ಮಾತು ಪೂರ್ತಿ ಸಲ್ಲಬೇಕು. ಹಿತ್ತಲಿನಿಂದ ಒಂದು ಎಲೆ ಕಿತ್ತು ಗಂಟಲಿಗೆಂದು ಜಗಿಯುವವರಿಗೆ ಅದೇ ಕಾಯಿದೆ ಹಾಕುವುದು ಅತಿಯಾದೀತು.

ಬೆಳೆಗಾರರ ಕಡೆಯಿಂದ ನೋಡಿದರೆ ತೈಲಕ್ಕೆ ಒಂದು ನ್ಯಾಯವಾದ ಜಾಗವಿದೆ. ಎಲೆತೋಟ ಕೂಸಿನಂತೆ ನೋಡಿಕೊಳ್ಳಬೇಕಾದ ಬೆಳೆ: ಅಗಸೆ, ನುಗ್ಗೆಯ ನೆರಳು ಬೇಕು, ನೀರು ಸದಾ ಬೇಕು, ಆದರೆ ನಿಲ್ಲಬಾರದು. ಕೊಯ್ದ ಎಲೆ ದಿನಗಳಲ್ಲಿ ಹಳದಿಗಟ್ಟುತ್ತದೆ. ದರ ಬಿದ್ದ ದಿನ ಮಾರುಕಟ್ಟೆಯ ಮೂಲೆಯಲ್ಲೇ ಕೊಳೆಯುತ್ತದೆ. ಹಾಗೆ ಕೊಳೆಯುವ ಎಲೆಯಿಂದ ಹಬೆ ಭಟ್ಟಿಯಲ್ಲಿ ತೈಲ ಇಳಿಸಬಹುದೆಂದು ಖರಗ್‌ಪುರದ ಐಐಟಿಯ ಪ್ರೊಫೆಸರ್ ಪ್ರಶಾಂತ ಗುಹಾ ಬಹುಕಾಲದಿಂದ ವಾದಿಸಿದ್ದಾರೆ, ಅದಕ್ಕೆ ಬೇಕಾದ ಉಪಕರಣವನ್ನೂ ರೂಪಿಸಿದ್ದಾರೆ. ಸಾಬೂನು, ಹಲ್ಲುಪುಡಿ, ಬಾಯಿ ಮುಕ್ಕಳಿಸುವ ದ್ರಾವಣಗಳಿಗೆ ಅಳತೆಯಿಂದ ಬೆರೆಯುವ ಪರಿಮಳವಾಗಿ ಆ ತೈಲಕ್ಕೆ ಕೊಳ್ಳುವವರು ಇದ್ದೇ ಇದ್ದಾರೆ. ಇಂಡೋನೇಷ್ಯಾದಲ್ಲಿ ಸಿರಿಹ್ ಎಂಬ ಹೆಸರಿನಲ್ಲಿ ವೀಳ್ಯದೆಲೆ ಬೆರೆಸಿದ ಹಲ್ಲುಜ್ಜುವ ಪೇಸ್ಟು, ಸಾಬೂನುಗಳು ದಿನಬಳಕೆಯ ಸರಕು. ತೈಲವನ್ನು ಮದ್ದೆಂದು ಕೂಗದೆ ಮಾರಿದರೂ ರೈತನಿಗೆ ನಾಲ್ಕು ಕಾಸು ಸಿಕ್ಕೀತು.

ಎಲೆಯನ್ನು ಮದ್ದೆಂದು ಕರೆಯಬೇಕಾದರೆ ಮಾಡಬೇಕಾದ ಕೆಲಸ ಸ್ಪಷ್ಟವಿದೆ, ದುಬಾರಿಯದ್ದೂ ಅಲ್ಲ. ಬಳ್ಳಾರಿಯಲ್ಲಿ ವೈದ್ಯಕೀಯ ಕಾಲೇಜೂ ಇದೆ, ಪಂಡಿತ ತಾರಾನಾಥರ ಹೆಸರಿನ ಸರ್ಕಾರಿ ಆಯುರ್ವೇದ ಕಾಲೇಜೂ ಇದೆ. ಎರಡೂ ಕಡೆಯವರು ಕೂಡಿ ಕುಳಿತು ಮಾಡಬಹುದಾದ ಪರೀಕ್ಷೆ ಇದು. ಗುಟ್ಕಾ ಬಿಡಲು ಬಯಸುವ ಗಣಿ ಕಾರ್ಮಿಕರನ್ನೂ ಲಾರಿ ಚಾಲಕರನ್ನೂ ಅವರ ಒಪ್ಪಿಗೆಯಿಂದ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಬಿಡಿಸುವ ಸಲಹೆ ಮಾತ್ರ, ಇನ್ನೊಂದು ಗುಂಪಿಗೆ ಅದೇ ಸಲಹೆಯ ಜೊತೆಗೆ ಬಾಯಿ ಚಪಲವಾದಾಗ ಜಗಿಯಲು ಅಡಿಕೆ, ಸುಣ್ಣ, ತಂಬಾಕು ಯಾವುದೂ ಇಲ್ಲದ ಎಲೆ ಕೊಡಬೇಕು, ಬೇಕಿದ್ದರೆ ಒಂದು ಲವಂಗ, ಒಂದು ಚಿಟಿಕೆ ಸೋಂಪು. ಯಾವ ತಳಿಯ ಎಲೆ, ದಿನಕ್ಕೆ ಎಷ್ಟು ಎಂದು ಬರೆದಿಡಬೇಕು. ಆರು ತಿಂಗಳಿಗೆ ಎಷ್ಟು ಮಂದಿ ಪಾಕೀಟು ಬಿಟ್ಟರು, ಒಸಡು ಹೇಗಿದೆ, ಬಾಯಿ ಎಷ್ಟು ಬೆರಳು ತೆರೆಯುತ್ತದೆ, ಕೆನ್ನೆಯ ಒಳಗೆ ಬಿಳಿ ಮಚ್ಚೆ ಬಂದಿದೆಯೇ ಎಂದು ಹಲ್ಲಿನ ವೈದ್ಯರು ನೋಡಬೇಕು, ನೋಡುವವರಿಗೆ ಯಾರು ಯಾವ ಗುಂಪಿನವರೆಂದು ತಿಳಿದಿರಬಾರದು. ಎಲೆ ಜಗಿದವರ ಬಾಯಲ್ಲಿ ಹೊಸ ಹಾನಿ ಕಂಡರೆ ಅಲ್ಲಿಗೇ ನಿಲ್ಲಿಸಬೇಕು. ಅಬ್ದುರ್ ರಜಾಕ್ ಹೊಗಳಿದ ಎಲೆಯನ್ನು ಅಡಿಕೆಯಿಲ್ಲದೆ ಅಷ್ಟು ದಿನ ಬಾಯಿಗಿಟ್ಟು ನೋಡುವ ಪರೀಕ್ಷೆಗೆ ಬೇಕಾದ ಎಲೆ, ಕಾಲುವೆ ನೀರಿನ ಈ ಸೀಮೆಯ ಸಂತೆಗಳಲ್ಲೇ ಸಿಗುತ್ತದೆ.